ಹೊಟ್ಟೆಗೆ ಹಾಕಿಕೊಂಡದ್ದು

ಅಜ್ಜಂಪುರದ ಪೇಟೆ ಬೀದಿಯಲ್ಲಿ ಮಲ್ಲಿಕಾಂಬ ಎಂದರೆ ತಟ್ಟನೆ ಯಾರಿಗೂ ಗೊತ್ತಾಗುವುದಿಲ್ಲ. ಹೆಪ್ಪಿನ ಮಲ್ಲಕ್ಕ ಎನ್ನಿ, ಎಳೆಗೂಸೂ ಕೈ ಮಾಡಿ ಮನೆ ತೋರಿಸುತ್ತದೆ. ಯಾರ ಮನೆಯಲ್ಲಿ ಮೊಸರು ಒಡೆದರೂ, ಲೋಳೆ ಬಂದರೂ, ಒಂದು ಬಟ್ಟಲು ಹಿಡಿದುಕೊಂಡು ಅವಳ ಬಾಗಿಲಿಗೇ ಬರಬೇಕು. ಅವಳ ಅತ್ತೆಯ ಅತ್ತೆಯ ಕಾಲದಿಂದ ಆ ಮನೆಯ ಹೆಪ್ಪು ಒಂದು ದಿನ ತಪ್ಪಿದ್ದಿಲ್ಲ. ಹೆಪ್ಪಿನ ವಿಷಯದಲ್ಲಿ ಅವಳಿಗೆ ಎರಡೇ ಕಟ್ಟುಪಾಡು. ದೀಪ ಹಚ್ಚಿದ ಮೇಲೆ ಕೊಡಬಾರದು, ಸಾವಾದ ಮನೆಯಿಂದ ತರಬಾರದು. ‘ಸೂತಕದ ಮನೆ ಹೆಪ್ಪು ತಂದ್ರೆ ಹೋದವ್ರೂ ಅದ್ರ ಜೊತೇಲೇ ಬರ್ತಾರೆ’ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಶಿವಭಕ್ತರಿಗೆ ಸೂತಕವೆಲ್ಲಿಯದು ಎಂದು ಮಠದಲ್ಲಿ ಕೇಳಿಯೇ ಬೆಳೆದವಳು ಮಲ್ಲಿಕಾಂಬ. ಸ್ವಾಮಿಗಳ ಮುಂದೆ ತಲೆಯಾಡಿಸುವಳು, ಅಡುಗೆಮನೆಗೆ ಬಂದರೆ ಅತ್ತೆಯ ಮಾತೇ ಮಾತು. ನಾವೆಲ್ಲ ಹಾಗೇ ಅಲ್ಲವೇ?

ಬಾಯಿ ಮಾತ್ರ ಬಲು ಜೋರು. ಬೈಯಲು ನಿಂತಳೆಂದರೆ ಬೀದಿಯ ನಾಯಿಯೂ ಬಾಲ ಮುದುರಿಕೊಂಡು ಓಣಿ ಹಿಡಿಯಬೇಕು. ಪರಸ್ಥಳದಲ್ಲಿ ಹನಿ ನೀರು ಮುಟ್ಟಳು. ಮೊಟ್ಟೆ ಇಟ್ಟಿರುವ ಅಂಗಡಿಯಲ್ಲಿ ಉಪ್ಪು ಕೊಳ್ಳಳು. ಗಂಡ ಓಂಕಾರೇಶ್ ಹಿಂಡಿ-ಬೂಸಾ ಅಂಗಡಿಯವನು, ಸಾಧು ಪ್ರಾಣಿ. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಹೆಂಡತಿಗೆ ಎದುರು ಮಾತಾಡಿದ್ದು ಎರಡೋ ಮೂರೋ ಸಲ, ಅದೂ ಅವಳು ನಿದ್ದೆಯಲ್ಲಿದ್ದಾಗ ಎಂದು ಊರವರು ನಗುತ್ತಾರೆ.

ಅವಳಿಗೆ ಒಂದೇ ಒಂದು ಕೆಟ್ಟ ಚಟ, ಮಾತ್ರೆ. ಒಂದು ಸೀನು ಬಂದರೆ ಸಾಕು, ಮೆಡಿಕಲ್ ಸ್ಟೋರಿಗೆ ಹೋಗಿ ‘ಪವರಿಂದು ಎರಡು ಕೊಡಪ್ಪ’ ಎನ್ನುವಳು. ನೀರೂ ಇಲ್ಲದೆ ಒಂದನ್ನು ಗುಳಕ್ಕನೆ ನುಂಗಿ, ಮೈ ಹಗುರವಾದರೆ ಇನ್ನೊಂದನ್ನು ಸಾಸಿವೆ ಡಬ್ಬಿಯಲ್ಲಿ ಎತ್ತಿಡುವಳು. ಹೀಗೆ ಇಪ್ಪತ್ತು ವರ್ಷ ನಡೆಯಿತು. ಐವತ್ತೆರಡನೆಯ ವಯಸ್ಸಿನಲ್ಲಿ ಪಿತ್ತಕೋಶದ ಕಲ್ಲು ತೆಗೆಸಿದ ಮೇಲೆ ಶುರುವಾಯಿತು ನೋಡಿ ಜ್ವರ. ಹಲ್ಲು ಕಟಕಟ ಎನ್ನುವ ನಡುಕ, ಪ್ರಜ್ಞೆ ತಪ್ಪುವುದು, ಆಸ್ಪತ್ರೆ. ಒಂದು ವರ್ಷದಲ್ಲಿ ಮೂರು ಸಲ ಹೀಗಾಯಿತು. ಮೂರನೆಯ ಸಲವಂತೂ ಹೊರಟೇಹೋದಳು ಎಂದು ಕಡೂರಿನಿಂದ ಮಗಳು ತನುಜಾ ಅಳುತ್ತ ಓಡಿಬಂದಿದ್ದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಉಳಿಸಿದ ಡಾಕ್ಟರು ಹೇಮಶ್ರೀ, ತರೀಕೆರೆ ಕಡೆಯವರೇ. ಮಂಚದ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು.

“ನಿಮ್ಮ ಕರುಳಲ್ಲಿ ಒಂದು ಬ್ಯಾಕ್ಟೀರಿಯಾ ಮನೆ ಮಾಡ್ಕೊಂಡಿದೆ ಅಮ್ಮ. ನೀವು ನುಂಗಿದ ಪವರಿನ ಮಾತ್ರೆಗೆಲ್ಲ ಪಳಗಿಬಿಟ್ಟಿದೆ, ಯಾವ ಆಂಟಿಬಯಾಟಿಕ್ಕಿಗೂ ಜಗ್ಗೋದಿಲ್ಲ. ಅದು ಅಲ್ಲಿಂದ ರಕ್ತಕ್ಕೆ ನುಗ್ಗಿದಾಗೆಲ್ಲ ಈ ಜ್ವರ. ನಾಲ್ಕನೇ ಸಲ ಬಂದ್ರೆ ಕೊಡೋದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.”

“ಹಂಗಂತ ಸಾಯೋಕಾಗ್ತದಾ? ಏನಾದ್ರೂ ದಾರಿ ಹೇಳಮ್ಮ.”

“ಮೊಸರು ಕೆಟ್ಟು ಲೋಳೆ ಬಂದ್ರೆ ಏನ್ಮಾಡ್ತೀರಿ?”

“ಚೆಲ್ಲಿ, ಪಾತ್ರೆ ತೊಳ್ದು, ಒಳ್ಳೆ ಮನೆಯಿಂದ ಹೆಪ್ಪು ತರ್ಬೇಕು.” ಈ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

“ಇದೂ ಅಷ್ಟೇ. ಆರೋಗ್ಯವಾಗಿರೋರ ಹೊಟ್ಟೆಯಿಂದ ಹೆಪ್ಪು ತಂದು ನಿಮ್ಮ ಹೊಟ್ಟೆಗೆ ಹಾಕೋದು. ಒಳ್ಳೇವು ಬೆಳೆದು ಕೆಟ್ಟದ್ದನ್ನ ಹೊರಗೆ ಹಾಕ್ತವೆ. ಇನ್ನೂ ಪ್ರಯೋಗದಲ್ಲಿರೋ ಚಿಕಿತ್ಸೆ, ಆಗೇ ಆಗುತ್ತೆ ಅಂತ ಮಾತು ಕೊಡಲಾರೆ.”

“ಹೊಟ್ಟೆಯಿಂದ ಅಂದ್ರೆ... ಎಲ್ಲಿಂದ?”

ಡಾಕ್ಟರು ಎಲ್ಲಿಂದ ಎಂದು ಹೇಳಿದರು. ಹೇಳುವುದಕ್ಕೆ ನಾಚಿಕೆ, ಕೇಳುವುದಕ್ಕೆ ಹೇಸಿಗೆ, ಆದರೆ ಕಥೆ ಇರುವುದೇ ಅಲ್ಲಿ. ಆರೋಗ್ಯವಂತರ ಮಲವನ್ನು ಪರೀಕ್ಷೆ ಮಾಡಿ, ಉಪ್ಪುನೀರಲ್ಲಿ ಕದಡಿ, ಸೋಸಿ, ಕೊಳವೆಯಲ್ಲಿ ಇವಳ ಕರುಳಿಗೆ ಬಿಡುವುದು. ಮಲ್ಲಿಕಾಂಬ ‘ಥೂ!’ ಎಂದದ್ದು ವಾರ್ಡಿನ ಆಚೆ ತುದಿಗೆ ಕೇಳಿಸಿತಂತೆ. ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಗಂಡನಿಗೆ, “ಯಾರದ್ದಾದ್ರೂ ಆಗ್ಲಿ, ನಮ್ಮೋರದ್ದೇ ಆಗ್ಲಿ” ಎಂದಳು.

ನಮ್ಮೋರು! ಗಂಡನಿಗೆ ಸಕ್ಕರೆ ಕಾಯಿಲೆ. ಮಗಳು ಹೋದ ತಿಂಗಳಷ್ಟೇ ಮಾತ್ರೆ ನುಂಗಿದ್ದಳು. ತಮ್ಮನಿಗೆ ಹೊಟ್ಟೆಹುಣ್ಣು, ಓರಗಿತ್ತಿಯ ಮಗನಿಗೆ ಇನ್ನೇನೋ. ಏಳು ಜನರನ್ನು ಪರೀಕ್ಷೆ ಮಾಡಿದರು, ಏಳೂ ನಪಾಸು. ಊರಿಗೆ ಊರೇ ಮಾತ್ರೆ ನುಂಗಿ ಕೂತಿರುವಾಗ ಒಳ್ಳೆಯ ಹೆಪ್ಪು ಎಲ್ಲಿಂದ ಬರಬೇಕು?

ಆಗ ಸಿಕ್ಕಿದವನು ಹಾಲೇಶ್. ಸಿಂಗಟಗೆರೆಯವನು, ಮೂವತ್ತೈದರ ಆಳು, ಇನ್ನೂ ಮದುವೆಯಾಗಿರಲಿಲ್ಲ. ಎರಡು ತಿಂಗಳಿಗೊಮ್ಮೆ ಬೈಕಿನಲ್ಲಿ ಬಂದು ಬುಕ್ಕಾಂಬುಧಿಯ ಹತ್ತಿರ ಇವರ ತೋಟದಲ್ಲಿ ತೆಂಗಿನಕಾಯಿ ಕೆಡವಿ ಹೋಗುತ್ತಿದ್ದ. ಮರದಿಂದ ಇಳಿದವನಿಗೆ ಮಲ್ಲಿಕಾಂಬ ದೊಡ್ಡ ತಪ್ಪಲೆಯಲ್ಲಿ ಮೊಸರನ್ನ ಕಲಸಿಡುವಳು. ಅವಳು ಆಸ್ಪತ್ರೆಯಿಂದ ಊರಿಗೆ ಬಂದ ಮೇಲೆ ಒಂದು ದಿನ ಹಾಗೇ ಉಣ್ಣುತ್ತ ಕೂತಿದ್ದ.

“ಲೇ ಹಾಲೇಶ, ಹೊಟ್ಟೆ ಹೆಂಗೈತೋ ನಿಂದು?”

“ಕಲ್ಲು ತಿಂದ್ರೂ ಕರಗ್ತದೆ ಅಮ್ಮಾರೆ.”

“ಮಾತ್ರೆ-ಗೀತ್ರೆ ನುಂಗ್ತೀಯೇನೋ?”

“ಮಾತ್ರೆ ನನ್ ಗಂಟ್ಲಲ್ಲಿ ಇಳಿಯಾಕಿಲ್ಲ. ಜ್ವರ ಬಂದ್ರೆ ನಮ್ಮವ್ವ ಮೆಣಸಿನ ಕಷಾಯ ಕಾಸಿಕೊಡ್ತಾಳೆ.”

ಓಂಕಾರೇಶ್ ಮೆಲ್ಲಗೆ ವಿಷಯ ತಿಳಿಸಿದ. ಹಾಲೇಶ್ ಕಾಯಿ ರಾಶಿಯ ಮೇಲೆ ಬಿದ್ದು ಬಿದ್ದು ನಕ್ಕ. ಕಣ್ಣೊರೆಸಿಕೊಂಡು, “ಬೆಳಗಾದ್ರೆ ಮಣ್ಣುಪಾಲಾಗೋದು ನಿಮ್ಮ ಜೀವ ಉಳಿಸ್ತದೆ ಅಂದ್ರೆ ನನ್ ಗಂಟೇನ್ ಹೋಗ್ತದೆ? ನಡೀರಿ ಅತ್ಲಾಗೆ” ಎಂದ. ಅವನು ಮೀನು-ಮಾಂಸ ತಿನ್ನುವವನೆಂಬುದು ಮಲ್ಲಿಕಾಂಬಳ ಗಂಟಲಲ್ಲಿ ಮುಳ್ಳಿನಂತೆ ಕೂತಿತು. ಆದರೆ ಸಾವು ಬಾಗಿಲಲ್ಲಿ ನಿಂತಿರುವಾಗ ಜಾತಿ-ಕುಲ ಕೇಳಿಕೊಂಡು ಕೂರಲಾಗುತ್ತದೆಯೇ?

ಹಾಲೇಶ್ ಎಲ್ಲ ಪರೀಕ್ಷೆಯಲ್ಲೂ ಪಾಸಾದ. ಆರು ದಿನ ಬೆಂಗಳೂರಿನಲ್ಲಿದ್ದು ಕೊಡಬೇಕಾದ್ದನ್ನು ಕೊಟ್ಟ. ಒಂದಷ್ಟನ್ನು ಆಗಲೇ ಉಪಯೋಗಿಸಿದರು. ಉಳಿದದ್ದನ್ನು ಐಸಿಗಿಂತ ಎಷ್ಟೋ ಪಾಲು ತಣ್ಣಗಿರುವ ಪೆಟ್ಟಿಗೆಯಲ್ಲಿ, ಅವನ ಹೆಸರಿಗೆ ಬದಲು ಒಂದು ನಂಬರು ಬರೆದು ಇಟ್ಟರು. ಊರಿಗೆ ಹೊರಟಾಗ ವಾರ್ಡಿಗೆ ಬಂದು ಎಂದಿನಂತೆ ಕೈಮುಗಿದು, “ಬತ್ತೀನಿ ಅಮ್ಮಾರೆ, ಏನಾದ್ರೂ ತಪ್ಪಿದ್ರೆ ಹೊಟ್ಟೆಗಾಕ್ಕಳಿ” ಎಂದುಬಿಟ್ಟ. ನರ್ಸಮ್ಮಂದಿರು ಕಿಸಕ್ಕೆಂದರು. ಮಲ್ಲಿಕಾಂಬಳಿಗೂ ನಗು ತಡೆಯಲಾಗಲಿಲ್ಲ. ವರ್ಷದಲ್ಲಿ ಅವಳು ಮನಸಾರೆ ನಕ್ಕದ್ದು ಅದೇ ಮೊದಲು, ಅವನನ್ನು ಕಂಡದ್ದು ಅದೇ ಕೊನೆ.

ಮೊದಲ ಸಲ ಹಾಕಿದ್ದು ಅರ್ಧಂಬರ್ಧ ಹಿಡಿಯಿತು. ಕೆಟ್ಟದ್ದು ಕಡಿಮೆಯಾಗಿತ್ತು, ಹೋಗಿರಲಿಲ್ಲ. ಒಂದೂವರೆ ತಿಂಗಳಾದ ಮೇಲೆ, ಒಂದು ಬುಧವಾರ, ಪೆಟ್ಟಿಗೆಯಲ್ಲಿ ಉಳಿದಿದ್ದನ್ನು ಕರಗಿಸಿ ಎರಡನೆಯ ಸಲ ಹಾಕಿದರು.

ಮಂಪರು ಇಳಿದು ಕಣ್ಣು ಬಿಟ್ಟಾಗ ನರ್ಸ್ ಅವಳ ಕೈ ಬಿಡಿಸಲು ಒದ್ದಾಡುತ್ತಿದ್ದಳು. “ಏನಮ್ಮ ಇದು, ದಿಂಬನ್ನ ಹಿಂಗೆ ಅವಚ್ಕೊಂಡಿದ್ದೀರಿ? ಇಬ್ಬರು ಸೇರಿದ್ರೂ ಬಿಡಿಸೋಕಾಗ್ಲಿಲ್ಲ.” ನಿಜಕ್ಕೂ ಎರಡು ಕೈಯೂ ಎರಡು ಮೊಣಕಾಲೂ ಆ ದಿಂಬನ್ನು ಸುತ್ತಿ ಬಿಗಿದಿದ್ದವು. ಅಂಗೈ ಉರಿಯುತ್ತಿತ್ತು. ಎದೆಯೊಳಗೆ ಎತ್ತರದಿಂದ ಬೀಳುವಾಗ ಆಗುವ ಜುಮ್ ಎನ್ನುವ ಭಯ ಇನ್ನೂ ಇಳಿದಿರಲಿಲ್ಲ. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಮಾರನೆಯ ದಿನ ರೈಲಿನಲ್ಲಿ ಬರುವಾಗ ಎದುರು ಸೀಟಿನ ಹೆಂಗಸಿನ ಬುಟ್ಟಿಯಲ್ಲಿ ಒಣಮೀನು ಇತ್ತು. ಬೇರೆ ದಿನವಾಗಿದ್ದರೆ ಮಲ್ಲಿಕಾಂಬ ಆ ಹೆಂಗಸಿನ ಏಳು ತಲೆಮಾರಿನ ಜನ್ಮ ಜಾಲಾಡಿ ಬೇರೆ ಬೋಗಿಗೆ ಹೋಗುತ್ತಿದ್ದಳು. ಅಂದು ಕಮಕ್ಕೆನ್ನದೆ ಕೂತಳು. ಬಾಯಲ್ಲಿ ನೀರೂರಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬೀರೂರಿನವರೆಗೂ ಕಿಟಕಿಯ ಹೊರಗೇ ನೋಡಿದಳು.

ಮನೆ ಸೇರಿದ ಸಂಜೆ ಪಕ್ಕದ ಮನೆಯ ವಿಶಾಲಾಕ್ಷಮ್ಮ ಬಂದು ಮಾತಿಗೆ ಕೂತವರು, “ಪಾಪ ಕಣ್ರೀ, ನಿಮ್ಮ ತೋಟಕ್ಕೆ ಬರ್ತಿದ್ನಲ್ಲ ಹಾಲೇಶ, ಶನಿವಾರ ಅವರೂರಲ್ಲೇ ಮರದಿಂದ ಬಿದ್ದು ಹೋಗ್ಬಿಟ್ನಂತೆ. ಅವರವ್ವ ಈರಕ್ಕಂಗೆ ಅವನೊಬ್ಬನೇ ಮಗ” ಎಂದರು.

ಶನಿವಾರ. ಇವಳಿಗೆ ಹಾಕಿದ್ದು ಬುಧವಾರ. ಮಲ್ಲಿಕಾಂಬ ಗಂಡನ ಕಡೆ ತಿರುಗಿದಳು. ಓಂಕಾರೇಶ್ ನೆಲ ನೋಡುತ್ತಿದ್ದ.

“ನಿಮ್ಗೆ ಗೊತ್ತಿತ್ತೇನ್ರೀ?”

“ಹೇಳಿದ್ರೆ ನೀನು ಒಪ್ತಿದ್ಯಾ?”

“ಸತ್ತೋನದ್ದನ್ನ ನನ್ ಹೊಟ್ಟೆಗೆ ಹಾಕ್ಸಿದ್ರಾ! ಸೂತಕದ ಹೆಪ್ಪು ಕಣ್ರೀ ಅದು!”

“ಕೊಟ್ಟಾಗ ಬದುಕಿದ್ನಲ್ಲೇ...”

ಮಾರನೆಯ ಬೆಳಿಗ್ಗೆ ಮಲ್ಲಿಕಾಂಬ ಮೊಸರಿನ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ನೀರು ಬೇರೆ, ದಾರದಂಥ ಎಳೆ ಬೇರೆ. ಎಷ್ಟೋ ಕಾಲದ ಹೆಪ್ಪು ಒಡೆದಿತ್ತು. ಶನಿವಾರವೂ ಒಡೆಯಿತು, ಭಾನುವಾರವೂ ಒಡೆಯಿತು. ಊರಿಗೆಲ್ಲ ಹೆಪ್ಪು ಕೊಟ್ಟ ಕೈ ವಿಶಾಲಾಕ್ಷಮ್ಮನ ಬಾಗಿಲಲ್ಲಿ ಬಟ್ಟಲು ಹಿಡಿಯಿತು. ಅದನ್ನು ತಂದು ಹಾಕಿದರೂ ಅದೂ ಒಡೆಯಿತು.

ಇನ್ನುಳಿದದ್ದನ್ನು ಅವಳು ಗಂಡನಿಗೂ ಪೂರ್ತಿ ಹೇಳಿಕೊಳ್ಳಲಿಲ್ಲ. ಕಾಲಿನ ಹೆಬ್ಬೆರಳ ಸಂದಿಯಲ್ಲಿ, ಮರ ಹತ್ತುವವರು ಹಗ್ಗದ ಬಳೆ ಸಿಕ್ಕಿಸುವ ಜಾಗದಲ್ಲಿ, ಸದಾ ನವೆ. ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದವಳು ತಲೆಯೆತ್ತಿ, “ಆ ಮೂಡಲ ಕಡೆ ಗೊನೇಲಿ ಕಾಯಿ ಬಲ್ತೈತೆ, ಪಕ್ಕದ್ದಕ್ಕೆ ಇನ್ನೊಂದು ತಿಂಗಳು ಬೇಕು” ಎಂದಳು. ಹೇಳಿದ ಮೇಲೆ ಅವಳಿಗೇ ಮೈ ಝುಮ್ಮೆಂದಿತು. ತೆಂಗಿನ ಗೊನೆಯನ್ನು ಜೀವಮಾನದಲ್ಲಿ ಅವಳು ಕತ್ತೆತ್ತಿ ನೋಡಿದವಳಲ್ಲ. ಹೊಟ್ಟೆಯಂತೂ ಮಾತಾಡುತ್ತಿತ್ತು. ಗುಡುಗುಡು ಎಂದು ಎದ್ದು, ಎಡದಿಂದ ಬಲಕ್ಕೆ ಹರಿದು, ಯಾರೋ ಮಗ್ಗುಲು ಬದಲಿಸಿದ ಹಾಗೆ ನಿಲ್ಲುತ್ತಿತ್ತು. ಅವಳು ಹೆದರಿ ಹೋದಳು. ಸಾವಿಗೆ ಕೂಡ ಅಷ್ಟು ಹೆದರಿರಲಿಲ್ಲ.

ಡಾಕ್ಟರಿಗೆ ಫೋನು ಹಚ್ಚಿಸಿದಳು.

“ಅದು ಬ್ಯಾಕ್ಟೀರಿಯಾ ಅಮ್ಮ, ಮನುಷ್ಯ ಅಲ್ಲ.”

“ಅವು ಸತ್ತಿಲ್ವಾ?”

“ಇಲ್ಲ. ಬದುಕಿವೆ, ಬೆಳೀತಿವೆ. ನಮಗೆ ಬೇಕಾಗಿರೋದೂ ಅದೇ.”

“ಅವನವೇ?”

“ಹೌದು, ಅವರವೇ. ನೋಡಿ, ಮುಂದಿನ ವಾರ ಪರೀಕ್ಷೆ. ಅಲ್ಲಿತನಕ ಅಂಗಡಿಯಿಂದ ಒಂದು ಮಾತ್ರೆನೂ ತಂದು ನುಂಗಬೇಡಿ. ನುಂಗಿದ್ರೆ ಈ ಹೊಸವೆಲ್ಲ ಸಾಯ್ತವೆ, ಹಳೇದು ಮೇಲೇಳುತ್ತೆ. ಆಮೇಲೆ ನಿಮ್ಮನ್ನ ಉಳಿಸೋದು ಕಷ್ಟ.”

ಡಾಕ್ಟರು ಎಚ್ಚರಿಕೆ ಹೇಳಿದರು, ಇವಳ ಕಿವಿಗೆ ಬಿದ್ದದ್ದು ಉಪಾಯ. ಮಾತ್ರೆ ನುಂಗಿದರೆ ಅವನು ಹೋಗುತ್ತಾನೆ! ಫೋನಿಟ್ಟವಳೇ ಮೆಡಿಕಲ್ ಸ್ಟೋರಿಗೆ ಹೋಗಿ ಪವರಿನ ಹತ್ತು ಮಾತ್ರೆಯ ಒಂದು ಪಟ್ಟಿ ತಂದಳು. ದೇವರಮನೆಯಲ್ಲಿ ಕೂತು ಒಂದನ್ನು ನಾಲಿಗೆಯ ಮೇಲಿಟ್ಟಳು. ಗಂಟಲು ಮುಚ್ಚಿಕೊಂಡಿತು. ನೀರು ಕುಡಿದಳು, ನೀರು ಹೋಯಿತು, ಮಾತ್ರೆ ಬಾಯಲ್ಲೇ ಉಳಿಯಿತು. ಬಾಳೆಹಣ್ಣಿನಲ್ಲಿಟ್ಟು ನುಂಗಹೋದರೆ ಹಣ್ಣು ಇಳಿದು ಮಾತ್ರೆ ಹೊರಗೆ ಬಂತು. ಇಪ್ಪತ್ತು ವರ್ಷ ನೀರಿಲ್ಲದೆ ಮಾತ್ರೆ ನುಂಗಿದ ಗಂಟಲು ಅದು. ಮಲ್ಲಿಕಾಂಬ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ದೊಡ್ಡ ದನಿ ತೆಗೆದು ಅತ್ತಳು.

ಅತ್ತು ಮುಗಿಸಿ ಒಂದು ತೀರ್ಮಾನಕ್ಕೆ ಬಂದಳು. ಯಾರು ಹೇಳಿದರೂ ಕೇಳದವನು ಹೆತ್ತವಳು ಹೇಳಿದರೆ ಕೇಳಿಯಾನು. ಅವಳ ಬಾಯಿಂದ ‘ಹೋಗು ಮಗ’ ಎನ್ನಿಸಬೇಕು, ಆಮೇಲೆ ಮಾತ್ರೆ ತಾನೇ ಇಳಿಯುತ್ತದೆ. ಮಂಗಳವಾರ ಬೆಳಿಗ್ಗೆ ಗಂಡ ಅಂಗಡಿಗೆ ಹೋದದ್ದೇ ತಡ, ಮಾತ್ರೆಯ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು. ಕಡೂರಿನಲ್ಲಿ ಬಸ್ಸು ಬದಲಿಸಿ ಸಿಂಗಟಗೆರೆಯಲ್ಲಿ ಇಳಿಯುವ ಹೊತ್ತಿಗೆ ಬಿಸಿಲೇರಿತ್ತು.

ಅಂದು ಹಾಲೇಶ್ ಸತ್ತ ಹನ್ನೊಂದನೆಯ ದಿನ, ಅವನ ತಿಥಿ. ಈರಕ್ಕನ ಮನೆಯ ಮುಂದೆ ನಂಟರಿಷ್ಟರು ಸೇರಿದ್ದರು. ಬೇಲಿಗೆ ಕಟ್ಟಿದ್ದ ಕರಿ ನಾಯಿ ಬಂದವರಿಗೆಲ್ಲ ಹರಿದು ತಿನ್ನುವ ಹಾಗೆ ಬೊಗಳುತ್ತಿತ್ತು. ಮಲ್ಲಿಕಾಂಬ ಅಂಗಳಕ್ಕೆ ಕಾಲಿಟ್ಟದ್ದೇ ಬೊಗಳು ನಿಂತಿತು. ಹಗ್ಗ ಜಗ್ಗಿಕೊಂಡು ಬಂದು ಅವಳ ಹೊಟ್ಟೆಗೆ ಮೂತಿ ಒತ್ತಿತು. ಬಹಳ ಹೊತ್ತು ಮೂಸಿತು. ಆಮೇಲೆ ಕುಂಯ್ ಕುಂಯ್ ಎನ್ನುತ್ತ ಅವಳ ಪಾದದ ಮೇಲೆ ಗದ್ದವಿಟ್ಟು ಮಲಗಿಬಿಟ್ಟಿತು.

“ಅದು ಹಾಲೇಶನ್ನ ಬಿಟ್ರೆ ಯಾರ ಹತ್ರಾನೂ ಹೋದದ್ದಲ್ಲ” ಎಂದ ಕನಕರಾಜು, ಹಾಲೇಶನ ಸೋದರಮಾವ.

ಈರಕ್ಕ ಹೊರಗೆ ಬಂದಳು. ಕಡ್ಡಿಯಂಥ ಹೆಂಗಸು, ಅತ್ತು ಅತ್ತು ಕಣ್ಣು ಬತ್ತಿತ್ತು. ಮಗ ಬೆಂಗಳೂರಿಗೆ ಯಾಕೆ ಹೋಗಿದ್ದನೆಂದು ಅವಳಿಗೆ ಗೊತ್ತಿತ್ತು. ನಾಯಿಯನ್ನು ನೋಡಿದಳು, ಇವಳ ಹೊಟ್ಟೆ ನೋಡಿದಳು, ಏನೂ ಕೇಳದೆ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದಳು.

“ಈರಕ್ಕ, ಬೇಜಾರ್ ಮಾಡ್ಕೋಬೇಡ. ನಿನ್ ಮಗ ಹೋಗಿಲ್ಲ, ನನ್ನೊಳಗವ್ನೆ. ನಂಗೆ ತಡ್ಕಳಕ್ಕಾಗ್ತಿಲ್ಲ ಕಣವ್ವ. ನೀನು ಹೇಳಿ ಕಳಿಸ್ಬಿಡು. ಇಲ್ಲಾಂದ್ರೆ ಈ ಮಾತ್ರೆನಾದ್ರೂ ನುಂಗಿ ಓಡಿಸ್ತೀನಿ.” ಮಲ್ಲಿಕಾಂಬ ಪಟ್ಟಿ ತೆಗೆದು ತೋರಿಸಿದಳು.

“ನುಂಗಿದ್ರೆ ನಿಮ್ಗೇನಾಯ್ತದೆ?”

“ನಾನೂ ಉಳಿಯಲ್ಲ ಅಂದವ್ರೆ ಡಾಕ್ಟ್ರು.”

“ಅವ್ನು?”

“ಅವನು ಮೊದ್ಲು ಹೋಗ್ತಾನೆ.”

ಈರಕ್ಕ ಪಟ್ಟಿಯನ್ನು ತೆಗೆದುಕೊಂಡು ನೋಡಿ ಅವಳ ತೊಡೆಯ ಮೇಲಿಟ್ಟಳು. “ಮಣ್ಣು ಮಾಡಿ ಬಂದ್ವಿ. ಬಟ್ಟೆ ಸುಟ್ವಿ. ನನ್ ಮಗಂದು ಉಸಿರಾಡೋದು ಅಂತ ಈ ಭೂಮಿ ಮ್ಯಾಲೆ ಉಳ್ದಿರೋದು ನಿಮ್ಮೊಟ್ಟೇಲಿರೋದೊಂದೇ ಅನ್ನಿ. ಆದ್ರೂ ನಿಮ್ಮೊಟ್ಟೆ, ನಿಮ್ಮಿಷ್ಟ. ಬ್ಯಾಡ ಅನ್ನಾಕೆ ನಾನ್ಯಾರು ಅಮ್ಮಾರೆ? ಇವತ್ತೊಂದಿನ ತಡ್ಕಳಿ. ಎಡೆ ಇಕ್ತೀವಿ. ಉಂಡ್ಕೊಂಡು ಹೋಗ್ಲಿ.”

ತೆಂಗಿನ ಬುಡದಲ್ಲಿ ಬಾಳೆಲೆ ಹಾಕಿ ಎಡೆ ಇಟ್ಟರು. ರಾಗಿಮುದ್ದೆ, ಒಣಮೀನಿನ ಸಾರು, ಒಂದು ಕಟ್ಟು ಬೀಡಿ, ಅವನಿಗೆ ಏನೇನು ಇಷ್ಟವೋ ಅದೆಲ್ಲ. ಕಾಗೆ ಬಂದು ಮುಟ್ಟಿದರೆ ಸತ್ತವನು ಉಂಡ ಹಾಗೆ, ಆಮೇಲೆ ಉಳಿದವರ ಊಟ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಕನಕರಾಜು ಕಾ ಕಾ ಎಂದು ಕೂಗಿದ. ಮರದ ಮೇಲೆ ಏಳೆಂಟು ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

“ನಿಮ್ಮವ್ವನ್ನ ನಾನು ನೋಡ್ಕಂತೀನಿ ಕಣೋ, ಉಣ್ಣು ಬಾ” ಎಂದ ಕನಕರಾಜು. ಕಾಗೆ ಇಳಿಯಲಿಲ್ಲ. “ನಿನ್ ನಾಯೀನೂ ಸಾಕ್ತೀನಿ.” ಇಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಾಗೆಗಳೆಲ್ಲ ಕತ್ತು ಓರೆ ಮಾಡಿಕೊಂಡು ನೋಡುತ್ತಿದ್ದದ್ದು ಎಡೆಯನ್ನಲ್ಲ, ಜಗಲಿಯ ಕಡೆ.

ಆಗ ಮಲ್ಲಿಕಾಂಬಳ ಹೊಟ್ಟೆ ಗುಡುಗಿತು. ಅಂಗಳದ ಆಚೆ ನಿಂತವರಿಗೂ ಕೇಳುವಂತೆ, ದೊಡ್ಡದಾಗಿ, ಉದ್ದಕ್ಕೆ ಗುಡುಗಿತು. ಅವಳು ನಾಚಿಕೆಯಿಂದ ಕುಗ್ಗಿಹೋಗಿ ಎರಡು ಕೈಯಲ್ಲೂ ಹೊಟ್ಟೆ ಅಮುಕಿಕೊಂಡಳು.

ಈರಕ್ಕ ಎದ್ದಳು. ತೆಂಗಿನ ಬುಡದಿಂದ ಎಲೆಯನ್ನು ಎರಡು ಕೈಯಲ್ಲಿ ಎತ್ತಿ ತಂದು ಮಲ್ಲಿಕಾಂಬಳ ಮುಂದಿಟ್ಟಳು. ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಉಣ್ಣಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ, ಸುಮ್ಮನೆ ನೋಡಿದಳು.

ಮೀನಿನ ವಾಸನೆ ಮೂಗಿಗೆ ಬಂತು. ಮಲ್ಲಿಕಾಂಬಳಿಗೆ ಹೇಸಿಗೆಯಾಗಬೇಕಿತ್ತು, ಆಗಲೆಂದು ಕಾದಳು. ಬಂದದ್ದು ಹಸಿವು. ಕೊರಳ ಲಿಂಗವನ್ನು ಸೆರಗಿನಲ್ಲಿ ಮುಚ್ಚಿ, ‘ಶಿವನೇ’ ಎಂದು ಮುದ್ದೆಗೆ ಕೈಹಾಕಿದಳು. ತುತ್ತು ಮುರಿದು ಸಾರಲ್ಲಿ ಹೊರಳಿಸಿ ಬಾಯಿಗಿಟ್ಟಳು. ಮುಚ್ಚಿಕೊಂಡಿದ್ದ ಗಂಟಲು ತೆರೆಯಿತು. ಮೀನಿನ ಮುಳ್ಳನ್ನು ನಾಲಿಗೆಯೇ ಬಿಡಿಸಿ ತುಟಿಯಂಚಿಗೆ ತಂದಿಟ್ಟಿತು, ಹುಟ್ಟಿದಾಗಿನಿಂದ ಮೀನು ತಿಂದವರ ನಾಲಿಗೆಯ ಹಾಗೆ. ತೊಡೆಯ ಮೇಲಿದ್ದ ಮಾತ್ರೆಯ ಪಟ್ಟಿ ಜಾರಿ ಮಣ್ಣಿಗೆ ಬಿತ್ತು. ಅವಳು ಅದರ ಕಡೆ ನೋಡಲೂ ಇಲ್ಲ.

“ಉಪ್ಪು ಸರ್ಯಾಗೈತೇನಪ್ಪ?” ಈರಕ್ಕ ಕೇಳಿದಳು.

ತಲೆ ಹೌದೆಂದಿತು.

ಎಲೆ ಖಾಲಿಯಾಗುತ್ತ ಬಂತು. ಈರಕ್ಕ ಹತ್ತಿರಕ್ಕೆ ಬಗ್ಗಿ, ಮಲ್ಲಿಕಾಂಬಳ ಮುಖಕ್ಕಲ್ಲ, ಹೊಟ್ಟೆಗೆ, ಬಹಳ ಮೆಲ್ಲಗೆ ಕೇಳಿದಳು.

“ಹೊಂಟ್ಯಾ ಮಗ?”

ಮಲ್ಲಿಕಾಂಬ ತುತ್ತು ನುಂಗಿದಳು. ಹೇಳಬೇಕೆಂದು ಅಜ್ಜಂಪುರದಿಂದ ಬಾಯಿಪಾಠ ಮಾಡಿಕೊಂಡು ಬಂದ ಮಾತು ಬೇರೆಯಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ, ದನಿಯೂ ಒರಟು.

“ಇಲ್ಲ ಕಣವ್ವ. ಇರ್ತೀನಿ.”

ಈರಕ್ಕ ಕಣ್ಣೊರೆಸಿಕೊಂಡು, ಇನ್ನೊಂದು ಮುದ್ದೆ ತರಲು ಒಳಗೆ ಹೋದಳು.